ಕೆರೆಯ ಮೇಲ್ದಂಡೆಯಲ್ಲಿ ಹೂತ ಎತ್ತುಗಳು

ನಿಮ್ಮ ಊರಿನಲ್ಲಿ ಒಂದು ಎತ್ತು ಸತ್ತರೆ ಅದು ಎಲ್ಲಿಗೆ ಹೋಗುತ್ತದೆ? ಅದರ ಪುಣ್ಯದ ವಿಚಾರ ನನಗೆ ಬೇಡ. ಅದರ ರಕ್ತ, ಕೊಬ್ಬು, ಕರುಳು, ಕರುಳಿನೊಳಗೆ ಅರೆಬರೆ ಅರಗಿದ ಜೋಳದ ಕಣಿಕೆ ಕೊನೆಗೆ ಎಲ್ಲಿ ಸೇರುತ್ತವೆ ಎಂದು ಕೇಳುತ್ತಿದ್ದೇನೆ. ಉತ್ತರ ತೋಚದಿದ್ದರೆ ನೀವು ಒಬ್ಬರೇ ಅಲ್ಲ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯವರೆಗೆ ನಮ್ಮ ಊರಿನ ಯಾವ ಹಿರಿಯನೂ ಈ ಪ್ರಶ್ನೆಯನ್ನು ಕೇಳಿಕೊಂಡವನಲ್ಲ. ಕೇಳಿಕೊಳ್ಳಲೇಬೇಕಾಗಿ ಬಂದಾಗ ಅವರು ಕಂಡುಕೊಂಡ ಉತ್ತರವನ್ನು ಇಡೀ ಊರು ಕುಡಿಯಬೇಕಾಯಿತು.

ನಮ್ಮದು ಕುಂದಗೋಳ ತಾಲೂಕಿನ ಕಪ್ಪು ಮಣ್ಣಿನ ಯರಿ ಸೀಮೆಯ ಹಳ್ಳಿ, ಯರಗುಪ್ಪಿಯ ಕಡೆಯದು. ಅಲ್ಲಿ ಎಷ್ಟು ಆಳ ತೋಡಿದರೂ ಸಿಗುವುದು ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕುಡಿದರೆ ದಾಹ ತೀರುವುದಿಲ್ಲ. ಆದ್ದರಿಂದ ಊರಿಗೆಲ್ಲ ಕುಡಿಯಲು ಇದ್ದದ್ದು ಮಳೆಯ ನೀರು ತುಂಬುವ ಒಂದೇ ಕೆರೆ. ಅದರ ಬಗ್ಗೆ ಊರಿನ ಕಟ್ಟುನಿಟ್ಟನ್ನು ಕಂಡು ಹೊರಗಿನವರು ಹೊಗಳುತ್ತಿದ್ದರು. ಚಪ್ಪಲಿ ಮೆಟ್ಟಿ ಯಾರೂ ಇಳಿಯುವಂತಿಲ್ಲ, ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಇನ್ನೊಂದು ಕಟ್ಟೂ ಇತ್ತು. ಊರ ಹೊರಗಿನ ಕೇರಿಯವರು ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಅವರ ಹೆಣ್ಣುಮಕ್ಕಳು ಮೇಲೆ ಕೊಡ ಇಟ್ಟು ನಿಲ್ಲಬೇಕು. ಬೇರೆ ಯಾರಾದರೂ ಮನಸ್ಸು ಬಂದಾಗ ಎತ್ತರದಿಂದ ಸುರಿಯಬೇಕು. ಕಾನೂನು ಇದನ್ನು ಅಪರಾಧವೆಂದು ಸಾರಿ ಎಷ್ಟೋ ವರ್ಷಗಳಾಗಿದ್ದವು. ನಮ್ಮ ಊರಿಗೆ ಅದರ ಸುದ್ದಿ ಮುಟ್ಟಿರಲಿಲ್ಲವೆಂದಲ್ಲ. ಮುಟ್ಟಿದ ಸುದ್ದಿಯನ್ನು ಊರು ಮುಟ್ಟಿಸಿಕೊಂಡಿರಲಿಲ್ಲ.

ನಾನು ಆಗ ಧಾರವಾಡದ ಕಾಲೇಜಿನಲ್ಲಿ ವಿಜ್ಞಾನ ಓದಿ, ಚರ್ಚಾಕೂಟಗಳಲ್ಲಿ ವಾದ ಮಾಡುವುದನ್ನು ಕಲಿತು ಊರಿಗೆ ಮರಳಿದ್ದೆ. ಪಾಠದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸರಳ ವ್ಯತ್ಯಾಸ. ಸೂರ್ಯನ ಶಕ್ತಿ ಒಂದೇ ದಿಕ್ಕಿಗೆ ಹರಿಯುತ್ತದೆ. ಜೋಳದ ಎಲೆ ಅದನ್ನು ಹಿಡಿಯುತ್ತದೆ, ಕಣಿಕೆ ತಿಂದ ಎತ್ತು ಅದರಲ್ಲಿ ಸ್ವಲ್ಪವನ್ನು ತನ್ನದಾಗಿಸಿಕೊಳ್ಳುತ್ತದೆ, ಎತ್ತನ್ನು ತಿಂದ ಹದ್ದಿಗೆ ಅದಕ್ಕಿಂತಲೂ ಸ್ವಲ್ಪ. ಪ್ರತಿ ಹಂತದಲ್ಲಿ ಬಹುಪಾಲು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ, ಮರುದಿನ ಸೂರ್ಯನೇ ಹೊಸದಾಗಿ ಕೊಡಬೇಕು. ಆದರೆ ಸಾರಜನಕ, ರಂಜಕ, ಸುಣ್ಣ ಮುಂತಾದ ಸತ್ವಗಳನ್ನು ಯಾವ ಸೂರ್ಯನೂ ದಿನಾ ಕಳಿಸುವುದಿಲ್ಲ. ಇದ್ದಷ್ಟೇ ಇರುವುದು. ಅದೇ ಮಣ್ಣಿನಿಂದ ಪೈರಿಗೆ, ಪೈರಿನಿಂದ ದನಕ್ಕೆ, ದನದಿಂದ ಮತ್ತೆ ಮಣ್ಣಿಗೆ ತಿರುಗುತ್ತಿರಬೇಕು. ನಡುವೆ ಎಲ್ಲಿಯೋ ತಡೆದರೆ ಹೊಲ ಹಸಿಯುತ್ತದೆ. ಬೇಡವಾದ ಕಡೆ ಸುರಿದರೆ ಅಲ್ಲಿ ಬೇಡವಾದದ್ದೇ ಬೆಳೆಯುತ್ತದೆ.

ಈ ತಿರುಗುವಿಕೆ ಎಲ್ಲ ಕಡೆ ಒಂದೇ ವೇಗದ್ದಲ್ಲ. ಮಿಶ್ರಿಕೋಟಿಯ ಗೆಳೆಯನೊಬ್ಬ ರಜೆಯಲ್ಲಿ ನನ್ನನ್ನು ಕಲಘಟಗಿಯ ಆಚೆಯ ಕಾಡಿಗೆ ಕರೆದೊಯ್ದಿದ್ದ. ಅಲ್ಲಿ ನೆರಳಿನ ತೇವದಲ್ಲಿ ಉದುರಿದ ಎಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣಾಗುತ್ತದೆ. ಅದೇ ಜಿಲ್ಲೆಯ ನಮ್ಮ ಬಯಲಿನಲ್ಲಿ ಮರವಿಲ್ಲ, ನೆರಳಿಲ್ಲ. ಹುಲ್ಲು, ಬಿಸಿಲು, ಬಿರಿದ ನೆಲ. ಇಲ್ಲಿ ಬೇಸಿಗೆಯಲ್ಲಿ ಬಿದ್ದದ್ದು ಒಣಗಿ ಹಾಗೆಯೇ ಕಾಯುತ್ತದೆ, ಮೊದಲ ಮಳೆಗೆ ಎಲ್ಲವೂ ಒಮ್ಮೆಲೇ ಕರಗಿ ಹೊರಡುತ್ತದೆ. ಆದ್ದರಿಂದಲೇ ಬಯಲಿಗೆ ಹದ್ದುಗಳು ಬೇಕು. ಊರಿನ ಮೂಡಣಕ್ಕೆ, ಕೆರೆಗೆ ದೂರವಾಗಿ, ಎಲುಬಿನ ದಿಬ್ಬವೊಂದಿತ್ತು. ಸತ್ತ ದನವನ್ನು ಕೇರಿಯವರು ಅಲ್ಲಿಗೆ ಎಳೆದೊಯ್ದು ಚರ್ಮ ಸುಲಿದ ಮೇಲೆ ರಣಹದ್ದುಗಳು ಇಳಿಯುತ್ತಿದ್ದವು. ಅವು ಬಿಟ್ಟದ್ದನ್ನು ನಾಯಿ, ನಾಯಿ ಬಿಟ್ಟದ್ದನ್ನು ಹುಳ. ಮಳೆ ಬರುವ ಹೊತ್ತಿಗೆ ಅಲ್ಲಿ ಬಿಳಿ ಎಲುಬಲ್ಲದೆ ಏನೂ ಇರುತ್ತಿರಲಿಲ್ಲ. ಇಡೀ ಊರಿನ ಆರೋಗ್ಯ ಈ ಕೆಲಸದ ಮೇಲೆ ನಿಂತಿತ್ತು. ಅದನ್ನು ಮಾಡುತ್ತಿದ್ದವರನ್ನು ಊರು ಕೆರೆಯ ಮೆಟ್ಟಿಲಿಗೆ ಬಿಡುತ್ತಿರಲಿಲ್ಲ.

ಆ ವರ್ಷ ವೈಶಾಖದಲ್ಲಿ ನನ್ನ ಅಕ್ಕ ಸೀಮಂತದ ಕುಬಸ ಮುಗಿಸಿಕೊಂಡು ಹೆರಿಗೆಗೆಂದು ಹುಬ್ಬಳ್ಳಿಯಿಂದ ತವರಿಗೆ ಬಂದಳು. ಅದು ಅವಳ ಎರಡನೆಯ ಬಸಿರು. ಚೊಚ್ಚಲ ಕೂಸನ್ನೂ ನಮ್ಮ ಮನೆಯಲ್ಲಿಯೇ ಹಡೆದಿದ್ದಳು. ಹೊಸ ಮಳೆಯ ನೀರು ಕೆರೆಗೆ ಬಂದ ದಿನಗಳಲ್ಲಿ ಆ ಕೂಸು ವಾಂತಿಭೇದಿಯಿಂದ ತೀರಿಕೊಂಡಿತ್ತು. ಹುಬ್ಬಳ್ಳಿಯ ಡಾಕ್ಟರು ನೀರಿನ ಮೇಲೆಯೇ ಬೊಟ್ಟು ಮಾಡಿದ್ದರಿಂದ ಈ ಸಲ ಬರುವುದಕ್ಕೇ ಅವಳಿಗೆ ಮನಸ್ಸಿರಲಿಲ್ಲ. ಅವ್ವ ಹೋಗಿ, ಕೈಹಿಡಿದು ಕರೆತಂದಳು. ಮನೆಯ ಹೊಸ್ತಿಲು ದಾಟಿದವಳೇ ಅಕ್ಕ ಕೇಳಿದ್ದು ನೀರಿನ ಮಾತನ್ನೇ.

“ಯವ್ವಾ, ಈ ಸಲ ನೀರು ಸ್ವಚ್ಛ ಇಲ್ಲಂದ್ರ ನಾ ತಿರುಗಿ ಹೋಗಾಕಿ. ಈಗ ಹೇಳೀನಿ.”

“ನಮ್ಮ ಕೆರಿ ನೀರಿಗೆ ಏನಾಗೇತಿ? ಸುತ್ತ ಊರಾಗ ಇಂಥಾ ನೀರಿಲ್ಲ,” ಎಂದಳು ಅವ್ವ. “ಸೋಸಿ ಕೊಡ್ತೀನಿ, ಕಾಸಿ ಕೊಡ್ತೀನಿ. ಸಾಕಿಲ್ಲೋ?”

ಅಕ್ಕ ಬಂದ ಕೆಲವೇ ದಿನಗಳಲ್ಲಿ ಕೇರಿಯ ತರುಣರು ಚಾವಡಿಗೆ ಬಂದರು. ಸಂಶಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನೊಬ್ಬ ಅವರ ಪರವಾಗಿ ಮಾತಾಡಿದ. ಮಾತು ಚಿಕ್ಕದು.

“ಇನ್ನ ಮ್ಯಾಲ ನಾವು ಸತ್ತ ದನಾ ಎಳಿಯೂದಿಲ್ರಿ. ಯಾರ ದನಾ ಅವರ ಒಯ್ಕೋಳ್ರಿ.”

ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಗದರಿದರು. “ಹಂಗಂದ್ರ ಹೆಂಗಲೇ? ನಿಮ್ಮಪ್ಪ ಎಳದಾನ, ನಿಮ್ಮಜ್ಜ ಎಳದಾನ.”

“ನಿಮ್ಮಪ್ಪನ ದನಾನೂ ಎಳದಾರ್ರಿ, ನಿಮ್ಮಜ್ಜನ ದನಾನೂ ಎಳದಾರ. ನಮ್ಮ ಪಾಳಿ ಮುಗೀತು. ಈಗ ನಿಮ್ಮ ಪಾಳಿ.”

ಅದು ನ್ಯಾಯವಾದ ಮಾತೆಂದು ನಾನು ಅಲ್ಲಿಯೇ ಎದ್ದು ನಿಂತು ಹೇಳಿದೆ. ಹಿರಿಯರು ಎಲೆ ಅಡಿಕೆ ಉಗುಳಿ ಬೇರೆ ಮಾತಿಗೆ ಹೊರಳಿದರು. ಸತ್ತ ದನದ ಕೆಲಸವನ್ನು ಬಿಟ್ಟವರು ಊರಿನ ಪಾಲಿಗೆ ಸೊಕ್ಕಿನವರಾದರು. ಆ ಕೆಲಸ ಹೊಲಸು ಎಂದು ತಲೆಮಾರುಗಳಿಂದ ಮೂಗು ಮುಚ್ಚಿಕೊಂಡವರು ಮರ್ಯಾದಸ್ಥರಾಗಿಯೇ ಉಳಿದರು.

ಮೊದಲು ಸತ್ತದ್ದು ನಮ್ಮ ಕಾಕಾನ ಎತ್ತು. ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಬೇರೆ ಮನೆ, ದೊಡ್ಡ ಹೊಲ, ಸ್ವಂತ ಟ್ರ್ಯಾಕ್ಟರ್, ಊರಿನಲ್ಲಿ ನಾಲ್ಕು ಮಂದಿ ಕೇಳುವ ಮಾತು. ಕಾರಹುಣ್ಣಿಮೆಗೆ ಆ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಅದರ ಪಾದಕ್ಕೆ ಹಣೆ ಹಚ್ಚುತ್ತಿದ್ದ ಮನುಷ್ಯ ಈಗ ಟವೆಲನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಎತ್ತು ಅಂಗಳದಲ್ಲಿ ಬಿದ್ದು ಒಂದು ಹಗಲು ಕಳೆದಿತ್ತು. ಹೊಟ್ಟೆ ಉಬ್ಬಿ ನಗಾರಿಯಾಗಿ, ಕಾಲುಗಳು ಸೆಟೆದು ನೆಲ ಬಿಟ್ಟು ಮೇಲೆದ್ದಿದ್ದವು. ಕಣ್ಣಿನ ಮೂಲೆಯಲ್ಲಿ, ಮೂಗಿನಲ್ಲಿ ನೀಲಿ ನೊಣಗಳು ಗಿಜಿಗುಟ್ಟುತ್ತಿದ್ದವು. ಹಿಂಭಾಗದಿಂದ ಒಸರಿದ ಕಪ್ಪು ರಸ ಸಾರಿಸಿದ ಅಂಗಳದ ರಂಗೋಲಿಯವರೆಗೆ ಹರಿದು ನಿಂತಿತ್ತು. ಅದನ್ನು ದಾಟಿ ಮನೆಯ ಹೆಂಗಸರು ದೇವರ ಮನೆಗೆ ಹೂ ಒಯ್ಯುತ್ತಿದ್ದರು.

ಬಾಜು ಮನೆಯವನು ಗೋಡೆಯ ಮೇಲಿಂದ ಇಣುಕಿದ. “ಯಜಮಾನ್ರ, ನಿನ್ನಿತನಕಾ ಎತ್ತು ಮಗನಕಿಂತ ಹೆಚ್ಚು ಅಂತಿದ್ರಿ. ಮಗಾ ಆಗಿದ್ರ ಹಿಂಗ ಅಂಗಳದಾಗ ಕೆಡವತಿದ್ರೇನು?”

“ಬಾಯಿ ಮುಚ್ಚಲೇ. ಮುಟ್ಟಾಕ ನೀ ಬರ್ತೀಯೇನು?”

“ನಾ ಯಾಕ ಬರ್ಲ್ರಿ? ನನ್ನ ಎತ್ತು ಇನ್ನೂ ಮೇಯಾಕತ್ತೇತಿ.”

ನಾನು ಹೇಳಿದೆ: “ಕಾಕಾ, ಒಂದು ಬಾಜೂ ನೀವು ಹಿಡೀರಿ, ಒಂದು ಬಾಜೂ ನಾ ಹಿಡಿತೀನಿ. ಟ್ರ್ಯಾಕ್ಟರಿಗೆ ಹಗ್ಗಾ ಕಟ್ಟಿ ದಿಬ್ಬಕ್ಕ ಒಯ್ಯೂಣು. ಹದ್ದು ಹಾರಾಡಾಕತ್ತಾವ, ಉಳಿದದ್ದು ಅವು ನೋಡ್ಕೋತಾವ.”

“ಹುಚ್ಚ ಹಿಡದೇತೇನು ನಿನಗ? ನಾ ಸತ್ತ ದನಾ ಎಳದ್ರ ನಾಳೆ ನನ್ನ ಮಗಗ ಹೆಣ್ಣು ಯಾರು ಕೊಡ್ತಾರ?”

ಮಧ್ಯಾಹ್ನದ ಹೊತ್ತಿಗೆ ಅವನಿಗೆ ದಾರಿ ಹೊಳೆಯಿತು. ಆ ದಾರಿ ನಮ್ಮವರಿಗಲ್ಲದೆ ಬೇರೆ ಯಾರಿಗೂ ಹೊಳೆಯಲಾರದು. ನಮ್ಮ ಮನೆತನಗಳಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಂಡಿ ತೋಡಿ, ವಿಭೂತಿ ಪತ್ರಿ ಇಟ್ಟು, ಉಪ್ಪು ಸುರಿದು ಮಣ್ಣು ಕೊಡುತ್ತೇವೆ. ಕಾಕಾ ಸತ್ತ ಎತ್ತಿನ ಮೇಲೆ ಹೊಸ ಧೋತರ ಹೊದಿಸಿ ನೆರೆದವರಿಗೆ ಸಾರಿದ: “ದನಾ ಎಳಿಯೂದು ಅವರ ಕೆಲಸ. ಮಣ್ಣು ಕೊಡೂದು ನಮ್ಮ ಧರ್ಮ. ಇದು ದನಾ ಅಲ್ಲ, ಬಸವ. ಬರ್ರಿ, ಕೈ ಹಚ್ರಿ.”

ಧೋತರ ಬಿದ್ದೊಡನೆ ಹೊಲಸೆಲ್ಲ ಮಂಗಳವಾಯಿತು. ಬೆಳಗಿನಿಂದ ಮೂಗು ಮುಚ್ಚಿ ನಿಂತಿದ್ದವರೇ ಬಿದಿರಿನ ಗಳ ತಂದು ಎತ್ತಿದರು. ಎತ್ತುವಾಗ ಉಬ್ಬಿದ ಹೊಟ್ಟೆಯಿಂದ ಹೊರಟ ಗಾಳಿಗೆ ಒಬ್ಬ ವಾಂತಿ ಮಾಡಿಕೊಂಡು, ಬಾಯಿ ಒರೆಸಿ, ಮತ್ತೆ ಕೈಜೋಡಿಸಿದ. ಅಯ್ಯನವರನ್ನು ಕರೆಸಿದರು. ಅವರು, “ಮನುಷ್ಯಾರಿಗೆ ಮಂತ್ರ ಹೇಳಿ ಹೇಳಿನ ಉಸಿರು ಸಾಲವಲ್ದು, ಇನ್ನ ದನಕ್ಕೂ ಸುರು ಮಾಡ್ಲೇನ್ರಿ?” ಎಂದು ಗೊಣಗಿದರೂ ವಿಭೂತಿ ಕೊಟ್ಟರು.

ಇನ್ನು ಗುಂಡಿ ಎಲ್ಲಿ? ಕಾಕಾನ ಹೊಲ ಹತ್ತಿರವೇ ಇತ್ತು.

“ನಿಮ್ಮ ಹೊಲದಾಗ ಹೂಳ್ರಿ, ಕಾಕಾ,” ಎಂದೆ. “ಆಳ ತೋಡಿ ಹೂತ್ರ ಒಳ್ಳೆ ಗೊಬ್ಬರ ಆಗತೇತಿ. ಇಷ್ಟು ವರ್ಷ ಅದು ತಿಂದದ್ದು ನಿಮ್ಮ ಹೊಲದ ಕಣಕೀನ. ಹೊಲದ್ದು ಹೊಲಕ್ಕ ಹೋಗಲಿ.”

“ಹೆಣದ ಮ್ಯಾಲೆ ಬೆಳದ ಜ್ವಾಳಾ ತಿನ್ನೂಣೇನಲೇ?”

“ಎಲ್ಲಾ ಜ್ವಾಳಾನೂ ಹಂಗ ಬೆಳಿತೇತ್ರಿ. ಸತ್ತದ್ದು ಕರಗದ ಮಣ್ಣು ಎಲ್ಲಿ ಐತಿ ತೋರಸ್ರಿ.”

“ಥೂ!” ಎಂದು ಅವನು ನನ್ನ ಕಾಲ ಬಳಿ ಉಗುಳಿದ. ಅಸಹ್ಯದಿಂದ ಅವನ ಮುಖ ನಿಜವಾಗಿಯೂ ಕಿವಿಚಿತ್ತು. ಸತ್ವವು ಮಣ್ಣಿನ ಮೂಲಕ ತಟ್ಟೆಗೆ ಮರಳುವುದು ಆ ಮನುಷ್ಯನಿಗೆ ಹೇಸಿಗೆಯಾಯಿತು. ಅದೇ ಕೊಳೆತವನ್ನು ಊರಿನ ತಂಬಿಗೆಗೆ ಹರಿಸುವುದು ಹೇಸಿಗೆಯಾಗಲಿಲ್ಲ. ಏಕೆಂದರೆ ಅವನು ಆರಿಸಿದ್ದು ಕೆರೆಯ ಮೇಲ್ದಂಡೆಯ ಗಾಯರಾಣವನ್ನು. ಅದು ಯಾರ ಸ್ವಂತ ಹೊಲವೂ ಅಲ್ಲ, ಎಲ್ಲರ ದನ ಮೇಯುವ ನೆಲ. ಅಲ್ಲಿ ಬಿದ್ದ ಮಳೆಯೇ ಇಳಿದು ಕೆರೆಯನ್ನು ತುಂಬುತ್ತಿತ್ತು. “ಗಂಗವ್ವನ ಸಮೀಪ ಮಲಗಲಿ,” ಎಂದ ಕಾಕಾ, ಕೆರೆಯತ್ತ ಕೈಮುಗಿದು. ಕೆಲವರು ಕಣ್ಣೊರೆಸಿಕೊಂಡರು.

ವೈಶಾಖದ ಯರಿ ಮಣ್ಣು ಕಲ್ಲಿನಂತಿರುತ್ತದೆ, ಗುದ್ದಲಿ ಪುಟಿಯುತ್ತದೆ. ಆದ್ದರಿಂದ ಗುಂಡಿ ಮೊಣಕಾಲುದ್ದಕ್ಕಿಂತ ಹೆಚ್ಚು ಇಳಿಯಲಿಲ್ಲ. ಉಪ್ಪನ್ನು ಮಾತ್ರ ಧಾರಾಳವಾಗಿ ಸುರಿದರು. ಮೇಲೆ ಹೆಂಟೆಗಳನ್ನು ಗುಡ್ಡೆ ಹಾಕಿ ಹಿಡಿ ಹೂವು ಚೆಲ್ಲಿದರು. ಒಬ್ಬ ದೊಡ್ಡ ಮನುಷ್ಯ ದಾರಿ ತೋರಿಸಿದ ಮೇಲೆ ಉಳಿದವರಿಗೆ ಏನು ಅಡ್ಡಿ? ಆ ಬೇಸಿಗೆಯಲ್ಲಿ ಸತ್ತ ಎತ್ತುಗಳೆಲ್ಲ ಅಲ್ಲಿಗೇ ಬಂದವು. ಯಾರದೋ ಎಮ್ಮೆ ಸತ್ತಾಗ ಮಾತ್ರ, ಎಮ್ಮೆಗೆ ಈ ಮರ್ಯಾದೆ ಸಲ್ಲುತ್ತದೆಯೋ ಇಲ್ಲವೋ ಎಂದು ಚಾವಡಿಯಲ್ಲಿ ಅರ್ಧ ದಿನ ಜಗಳ ನಡೆದು, ಉಪ್ಪು ಇರಲಿ ವಿಭೂತಿ ಬೇಡ ಎಂದು ತೀರ್ಮಾನವಾಯಿತು. ಕೆರೆಯ ಹೆಸರನ್ನು ಆ ಜಗಳದಲ್ಲಿ ಯಾರೂ ಎತ್ತಲಿಲ್ಲ.

ಎತ್ತಿದವನು ನಾನೊಬ್ಬನೇ. ಒಂದು ಸಂಜೆ ಚಾವಡಿಯಲ್ಲಿ ಹಿರಿಯರನ್ನೆಲ್ಲ ಕೂರಿಸಿ ಕ್ರಮವಾಗಿ ವಾದ ಮಂಡಿಸಿದೆ. ಉಪ್ಪು ಕೊಳೆಯುವುದನ್ನು ತಡೆಯುತ್ತದೆ. ಹುಳ ಹುಪ್ಪಟೆ, ಕಣ್ಣಿಗೆ ಕಾಣದ ಜೀವಿಗಳು ತಮ್ಮ ಕೆಲಸ ಮಾಡದಂತೆ ಬಿಗಿಹಿಡಿಯುತ್ತದೆ. ಆದ್ದರಿಂದ ಈ ಹೆಣಗಳು ಕರಗದೆ ಮಳೆಗಾಗಿ ಕಾಯುತ್ತಿವೆ. ಗಾಯರಾಣದ ನೆಲ ಕೈ ಮುಳುಗುವಷ್ಟು ಬಿರಿದಿದೆ. ಮೊದಲ ಮಳೆ ಆ ಬಿರುಕುಗಳಲ್ಲಿ ಇಳಿದು, ಗುಂಡಿ ಕುಸಿದು, ತುಂಬಿ, ಹೊರಚೆಲ್ಲಿ ನೇರ ಕೆರೆಗೆ ಬರುತ್ತದೆ. ಹೀಗೆಂದು ಹೇಳಿ ಅವರ ಆಕ್ಷೇಪಗಳನ್ನು ಒಂದೊಂದಾಗಿ ಕೇಳಿದೆ, ಒಂದೊಂದಕ್ಕೂ ಉತ್ತರ ಕೊಟ್ಟೆ.

“ಅಗದಿ ಛಲೋ ಮಾತಾಡ್ತಾನ,” ಎಂದರು ಒಬ್ಬ ಹಿರಿಯರು, ಮೆಚ್ಚಿಕೊಂಡೇ. “ವಕೀಲಕಿ ಓದಸ್ರಿ ಇವನ್ನ.” ಎಲ್ಲರೂ ಧೋತರ ಕೊಡವಿ ಎದ್ದು ಊಟಕ್ಕೆ ಹೋದರು.

ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಂದ್ರು?”

“ಯಾರ ಕಡೀಗೂ ಉತ್ತರ ಇರಲಿಲ್ಲ.”

“ಉತ್ತರ ತಗೊಂಡು ಏನ ಮಾಡ್ಲಿ? ಗುಂಡಿ ತಗೀತಾರೋ, ಇಲ್ಲೋ?”

“ಊಟಕ್ಕ ಎದ್ದು ಹೋದ್ರು,” ಎಂದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು.

ರೋಹಿಣಿ ಮಳೆ ಒಂದು ಮಧ್ಯಾಹ್ನ ರಪರಪನೆ ಹೊಡೆದು ಹೋಯಿತು. ಮರುದಿನ ಬೆಳಿಗ್ಗೆ ಅವ್ವನೊಂದಿಗೆ ನಾನೂ ಕೆರೆಗೆ ಹೋದೆ. ಗಾಯರಾಣದ ಗುಡ್ಡೆಗಳಿದ್ದ ಕಡೆ ಕುಸಿದ ಹೊಂಡಗಳು, ಅವುಗಳಲ್ಲಿ ಬೆಲ್ಲದ ಬಣ್ಣದ ನೀರು. ನಾಯಿಗಳು ಅಗೆದು ಎಳೆದ ಒಂದು ಕಾಲು, ಅದಕ್ಕೆ ಇನ್ನೂ ಅಂಟಿಕೊಂಡ ಧೋತರದ ಚೂರು. ಹೊಂಡಗಳಿಂದ ಹೊರಟ ಸಣ್ಣ ಕಾಲುವೆಗಳೆಲ್ಲ ಕೂಡಿ ಕೆರೆಗೆ ಇಳಿದಿದ್ದವು. ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡಿನ ಪದರ ಬಿಸಿಲಿಗೆ ಹೊಳೆಯುತ್ತಿತ್ತು. ದಂಡೆಯ ಉದ್ದಕ್ಕೂ ಕೂದಲಿನ ಮುದ್ದೆಗಳು, ಸಾಬೂನಿನಂತೆ ಬೆಳ್ಳಗಿನ ಕೊಬ್ಬಿನ ಚೂರುಗಳು, ಅವುಗಳ ಮೇಲೆ ಹೊರಳಾಡುವ ಹುಳಗಳು. ವಾಸನೆ ಮೂಗಿಗಲ್ಲ, ನಾಲಗೆಗೇ ಹತ್ತುತ್ತಿತ್ತು, ಉಗುಳಿದರೂ ಹೋಗುತ್ತಿರಲಿಲ್ಲ.

ಹೆಂಗಸರು ಏನು ಮಾಡಿದರೆಂದು ಹೇಳಲೇ? ಕೈಯಿಂದ ಜಿಡ್ಡನ್ನು ಆಚೆ ಈಚೆ ಸರಿಸಿ, ಕೊಡದ ಬಾಯಿಗೆ ಸೀರೆಯ ಸೆರಗನ್ನು ಎರಡು ಪದರ ಹಿಡಿದು, ತುಂಬಿಕೊಂಡು ನಡೆದರು. “ಹೊಸಾ ನೀರು ಹಿಂಗ ಇರತೇತಿ,” ಎಂದಳು ಒಬ್ಬಳು. ಚಪ್ಪಲಿ ಬಿಟ್ಟೇ ಇಳಿದಿದ್ದರು. ಕಟ್ಟು ಮುರಿದಿರಲಿಲ್ಲ.

ಮೆಟ್ಟಿಲುಗಳ ಮೇಲ್ಗಡೆ, ದಂಡೆಯಲ್ಲಿ, ಖಾಲಿ ಕೊಡಗಳೊಂದಿಗೆ ಕೇರಿಯ ಹೆಣ್ಣುಮಕ್ಕಳು ನಿಂತಿದ್ದರು. ಹೈಸ್ಕೂಲಿನ ನನ್ನ ಜೊತೆಗಾರನೂ ಬಂದಿದ್ದ. ಅವ್ವ ನೀರು ಸುರಿಯಲು ಹೋದಾಗ ಅವನು ಕೈಯೆತ್ತಿ ತಡೆದ. “ಬ್ಯಾಡ್ರಿ ಅವ್ವಾರ. ನಮ್ಮ ಕಾಲು ಬಿದ್ರ ಈ ನೀರು ಕೆಡತಿತ್ತು. ಎತ್ತು ಕೊಳತು ಬಿದ್ರ ಕೆಡೂದಿಲ್ಲಂತ. ನಮಗಿಂತ ಎತ್ತು ಮೇಲಾತು ಬಿಡ್ರಿ.” ಅವನ ಕೇರಿಯವರು ಅಂದಿನಿಂದ ಸವಳು ಬಾವಿಯ ನೀರನ್ನೇ ಕುಡಿದರು. ಅವ್ವ ತುಂಬಿದ ಕೊಡವನ್ನು ಹೊತ್ತು ಮನೆಗೆ ನಡೆದಳು.

ಮನೆಮನೆಗಳಲ್ಲಿ ಹೊಟ್ಟೆ ಕೆಟ್ಟಿತು. ಇಷ್ಟಾದರೂ ಹಿರಿಯರು ಗುಂಡಿಗಳತ್ತ ನೋಡಲಿಲ್ಲ. ಗಂಗವ್ವನಿಗೆ ಸಿಟ್ಟು ಬಂದಿದೆ, ಉಡಿ ತುಂಬಬೇಕು ಎಂದರು. ಊರಿನ ಹೆಂಗಸರೆಲ್ಲ ಸೇರಿ ಹೋಳಿಗೆ, ಕಡುಬು, ಮೊಸರನ್ನ, ಬೆಲ್ಲ, ಬಾಳೆಹಣ್ಣುಗಳನ್ನು ಭಕ್ತಿಯಿಂದ ನೀರಿಗೆ ಬಿಟ್ಟರು. ಮೊದಲೇ ಸತ್ವ ತುಂಬಿ ತುಳುಕುತ್ತಿದ್ದ ಕೆರೆಗೆ ಇನ್ನಷ್ಟು ಉಣಿಸಿದರು. ಉಂಡದ್ದು ಗಂಗವ್ವನಲ್ಲ, ಹಾವಸೆ. ಹೊಲದಲ್ಲಿ ಜೋಳವನ್ನು ಆಳೆತ್ತರ ಬೆಳೆಸಬೇಕಾಗಿದ್ದ ರಂಜಕ, ಸಾರಜನಕಗಳು ಕೆರೆಯಲ್ಲಿ ಹಸಿರು ಲೋಳೆಯನ್ನು ಬೆಳೆಸಿದವು. ಕೆಲವೇ ದಿನಗಳಲ್ಲಿ ಅಂಬಲಿಯಷ್ಟು ದಪ್ಪನೆಯ ಪದರ ನೀರನ್ನು ಮುಚ್ಚಿತು. ಕೆಳಗಿನದು ಕೊಳೆಯುತ್ತ ನೀರಿನೊಳಗಿನ ಉಸಿರನ್ನೆಲ್ಲ ಹೀರಿಕೊಂಡಿತು. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತ, ಬಿಸಿಲೇರುವಷ್ಟರಲ್ಲಿ ಬೆಳ್ಳನೆಯ ಹೊಟ್ಟೆ ತೋರಿಸಿ ತೇಲಿದವು. ಹೋಳಿಗೆಯ ತುಣುಕು, ಸತ್ತ ಮೀನು, ಎತ್ತಿನ ಕೂದಲು ಒಂದೇ ಲೋಳೆಯಲ್ಲಿ ಅಂಟಿಕೊಂಡಿದ್ದವು. ಅದರ ನಡುವೆ ಕುಂಕುಮ ಹಚ್ಚಿದ ತೆಂಗಿನಕಾಯಿ. ದೇವರ ಹೆಸರಿನಲ್ಲಿ ಇದಕ್ಕಿಂತ ಹೊಲಸಾದ ದೃಶ್ಯವನ್ನು ನಾನು ಕಂಡಿಲ್ಲ.

ಅವ್ವ ಅಕ್ಕನಿಗಾಗಿ ಒಂದು ತಪ್ಪಲೆ ನೀರನ್ನು ದಿನವೂ ಕಾಸುತ್ತಿದ್ದಳು. ಕಾಸಿದಷ್ಟೂ ವಾಸನೆ ಮನೆಯನ್ನು ತುಂಬುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ತಂಬಿಗೆಯನ್ನು ಮೂಗಿನ ಬಳಿ ಒಯ್ದು ಕೆಳಗಿಟ್ಟಳು.

“ಕಾಸಿದ್ರ ಹುಳಾ ಸಾಯತಾವ, ಖರೆ. ಸತ್ತ ಹುಳಾ ಎಲ್ಲಿ ಹೋಗತಾವಬೇ? ಇದರಾಗ ಇರತಾವ. ನನ್ನ ಸೀರಿ ಗಂಟು ಕಟ್ಟು. ನಾ ಹೊಂಟೆ.”

“ದಿನಾ ತುಂಬ್ಯಾವ, ಹುಚ್ಚೀ! ತವರಾಗ ಹಡೀಲಿಲ್ಲಂದ್ರ ಬೀಗರ ಮುಂದ ನಾ ಹೆಂಗ ಮಾರಿ ತೋರಸ್ಲಿ?”

“ಒಂದು ಕೂಸು ತವರಾಗನ ಹಡದೆ. ಅದರ ಮಾರಿ ನೀ ನೋಡೀದಿ, ನಾ ನೋಡೀನಿ.”

ಕಣ್ಣೀರು ಒರೆಸಿಕೊಳ್ಳುತ್ತ ಗಂಟು ಕಟ್ಟಿದವಳು ಅವ್ವನೇ. ಸಂಶಿಯ ಬಸ್ಸಿಗೆ ಮುಟ್ಟಿಸಲು ಚಕ್ಕಡಿ ಹೂಡಿ, ಕೆಳಗೆ ಮೆತ್ತಗೆ ಕಣಿಕೆ ಹಾಸಿ ಅಕ್ಕನನ್ನು ಕೂರಿಸಿದೆವು. ಅಷ್ಟರಲ್ಲಿ ಸುದ್ದಿ ತಿಳಿದ ಕಾಕಾ ಬಿರುಸಿನಿಂದ ಬಂದು ನೊಗ ಹಿಡಿದು ನಿಂತ. ಹಿಂದೆ ಓಣಿಯ ಹೆಂಗಸರು.

“ಇಳಿಯವ್ವಾ, ತಂಗಿ. ತುಂಬಿದ ಬಸರಿ ತವರು ಬಿಟ್ಟು ಹೋದ್ರ ಮನಿತನದ ಮರ್ಯಾದಿ ಏನಾತು? ನಾಲ್ಕು ಮಂದಿ ಏನಂತಾರ?”

ಅಕ್ಕ ಅವ್ವನ ಕಡೆ ತಿರುಗಿದಳು. “ಯವ್ವಾ, ಕೆರಿ ನೀರು ಒಂದು ತಂಬಗಿ ತಾ. ಕಾಕಾಗ ಕೊಡು. ಕಾಕಾ, ನೀವು ಇದನ್ನ ಕುಡೀರಿ. ನೀವು ಕುಡದ್ರ ನಾ ಇಳೀತೀನಿ. ಆಣಿ ಮಾಡಿ ಹೇಳ್ತೀನಿ, ಇಳೀತೀನಿ.”

ಅವ್ವ ತಂದಳು. ಕಾಕಾ ತಂಬಿಗೆಯನ್ನು ಕೈಗೆ ತೆಗೆದುಕೊಂಡ. ಓಣಿಯೆಲ್ಲ ನೋಡುತ್ತಿತ್ತು. ತುಟಿಯವರೆಗೆ ಎತ್ತಿದ, ಅವನ ಮೂಗಿನ ಹೊಳ್ಳೆಗಳು ಬಿಗಿದವು. ಆಮೇಲೆ ಮೆಲ್ಲಗೆ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟ.

“ನನಗ ಈಗ ನೀರಡಿಕಿಲ್ಲ.”

“ಹೆಂಗ ಆಗತೇತ್ರಿ ನೀರಡಿಕಿ?” ಎಂದಳು ಹಿಂದಿನಿಂದ ಒಬ್ಬ ಹೆಂಗಸು, ಯಾರಿಗೂ ಹೇಳದವಳಂತೆ. “ದಿನಾ ಮುಂಜಾನೆ ಇವರ ಟ್ರ್ಯಾಕ್ಟರ್‌ನ್ಯಾಗ ಬ್ಯಾರಲ್ ನೀರು ಬರತೇತಿ, ಯರಗುಪ್ಪಿ ಕೆರಿಯಿಂದ.”

ಕಾಕಾ ನೊಗ ಬಿಟ್ಟ. ಅವನಿಗೆ ಎಲ್ಲ ಗೊತ್ತಿತ್ತು. ನನ್ನ ವಾದದ ಪ್ರತಿಯೊಂದು ಮಾತೂ ಅವನಿಗೆ ಅರ್ಥವಾಗಿತ್ತು. ಅರ್ಥ ಮಾಡಿಕೊಂಡು, ತನ್ನ ಮನೆಗೆ ಬೇರೆ ನೀರು ತರಿಸಿಕೊಂಡು, ಊರಿಗೆ ಗಂಗವ್ವನ ಸಿಟ್ಟನ್ನು ಹಂಚಿದ್ದ. ಕೆರೆಯ ದಂಡೆಯಲ್ಲಿ ಕಂಡ ಹುಳಗಳ ಬಗ್ಗೆ ನನಗೆ ಹೇಸಿಗೆ ಉಳಿದಿಲ್ಲ. ಅವು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದ್ದವು. ಆ ತಂಬಿಗೆಯನ್ನು ಕೆಳಗಿಟ್ಟ ಕೈಯ ಬಗ್ಗೆ ಉಳಿದಿದೆ.

ಅಕ್ಕ ಹುಬ್ಬಳ್ಳಿಯಲ್ಲಿ, ಗಂಡನ ಮನೆಯಲ್ಲಿಯೇ ಹೆಣ್ಣು ಹಡೆದಳು. ಅವ್ವ ಬೀಗರ ಮಾತುಗಳನ್ನು ಕೇಳಿಸಿಕೊಳ್ಳುತ್ತ ಅಲ್ಲಿಯೇ ಇದ್ದು ಬಾಣಂತನ ಮಾಡಿದಳು. ಆ ಕೂಸು ಬದುಕಿತು. ಊರಿಗೆ ಮರಳಿದ ಅವ್ವ ಚಾವಡಿಗೆ ಹೋಗಲಿಲ್ಲ, ಯಾರೊಂದಿಗೂ ವಾದ ಮಾಡಲಿಲ್ಲ. ಅಕ್ಕನ ತಂಬಿಗೆಯನ್ನು ಕಣ್ಣಾರೆ ಕಂಡ ಓಣಿಯ ಹೆಂಗಸರನ್ನು ಕರೆದುಕೊಂಡು ಗಾಯರಾಣಕ್ಕೆ ಹೋದಳು. ಮುಂದಿನ ಬೇಸಿಗೆಯಲ್ಲಿ, ನೆಲ ಒಣಗಿದ ಮೇಲೆ, ನಾವು ಆ ಗುಂಡಿಗಳನ್ನು ತೆರೆದು, ಉಳಿದದ್ದನ್ನೆಲ್ಲ ನಮ್ಮ ಚಕ್ಕಡಿಯಲ್ಲೇ ಹೇರಿ ಎಲುಬಿನ ದಿಬ್ಬಕ್ಕೆ ಸಾಗಿಸಿದೆವು. ಆ ಕೆಲಸಕ್ಕೆ ಕೇರಿಯವರನ್ನು ಕರೆಯಬಾರದೆಂಬ ನನ್ನ ಹಟಕ್ಕೆ ಅವ್ವ ಒಪ್ಪಿದಳು. ಗಂಡಸರಲ್ಲಿ ಬಂದವರು ಕೆಲವರೇ. ಮೂಗಿಗೆ ಬಟ್ಟೆ ಕಟ್ಟಿಕೊಂಡ ನಮ್ಮನ್ನು ನೋಡಿ ನಕ್ಕವರು ಹಲವರು. ಕೆರೆ ತಿಳಿಯಾಗಲು ಒಂದು ಮಳೆಗಾಲ ಸಾಕಾಗಲಿಲ್ಲ. ತಳಕ್ಕಿಳಿದ ಸತ್ವ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಕೇರಿಯವರು ತಾವೇ ಮೆಟ್ಟಿಲಿಳಿದು ನೀರು ತುಂಬಿಕೊಂಡ ದಿನ ಬರಲು ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೂ ಅಕ್ಕ ಮಗಳನ್ನು ನಮ್ಮ ಊರಿಗೆ ತರಲಿಲ್ಲ. ಅವ್ವ ಮೊಮ್ಮಗಳನ್ನು ಎತ್ತಿಕೊಳ್ಳಬೇಕೆಂದಾಗಲೆಲ್ಲ ಹುಬ್ಬಳ್ಳಿಯ ಬಸ್ಸು ಹತ್ತಬೇಕಾಯಿತು.

ಓದುಗರಲ್ಲಿ ನನ್ನದೊಂದೇ ಬೇಡಿಕೆ. ಈ ವರ್ಷ ಮೊದಲ ಮಳೆ ಬೀಳುವ ಮುನ್ನ, ನಿಮ್ಮ ಊರಿನ ಕುಡಿಯುವ ನೀರಿಗೆ ಮಳೆ ಹರಿದು ಬರುವ ಇಳಿಜಾರನ್ನು ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಕೊನೆಯವರೆಗೆ ನಡೆದು ನೋಡಿರಿ. ಅಲ್ಲಿ ಹೂತದ್ದು, ಎಸೆದದ್ದು ಏನೇ ಇದ್ದರೂ ಅದನ್ನು ನಿಮ್ಮ ಕೈಯಿಂದಲೇ ತೆಗೆದು ಬೇರೆಡೆಗೆ ಸಾಗಿಸಿರಿ.